ಹುಳಿ ಸಾಲದ ಮಜ್ಜಿಗೆ

ಕೊಡ್ಲಿಪೇಟೆಯಿಂದ ಮೂರು ಮೈಲಿ ಒಳಗಿರುವ ಆ ಊರಲ್ಲಿ ಫೆಬ್ರವರಿ ಮುಗಿಯುವ ಹೊತ್ತಿಗೆ ಯಾರ ಮುಖ ನೋಡಿದರೂ ಕೆಂಪು. ಕಾಫಿ ಕೊಯ್ಯುವಷ್ಟು ದಿನ ಮರಗಳ ನೆರಳಲ್ಲಿ ತಣ್ಣಗಿದ್ದ ಮೈ, ಹಣ್ಣು ತಂದು ಕಣಕ್ಕೆ ಸುರಿದ ದಿನದಿಂದ ನೆತ್ತಿಯ ಮೇಲಿನ ಬಿಸಿಲನ್ನೂ ಸಿಮೆಂಟಿನ ಕಾವನ್ನೂ ಒಟ್ಟಿಗೆ ತಡೆಯಬೇಕು. ಗಂಟೆಗೊಮ್ಮೆ ತಿರುವದಿದ್ದರೆ ಕಾಫಿಗೆ ಬೂಸ್ಟು ಹಿಡಿಯುತ್ತದೆ. ತಿರುವುತ್ತಾ ನಿಂತರೆ ಕತ್ತು, ಮೂಗು, ಮುಂಗೈ ಸುಡುತ್ತವೆ. ಸುಟ್ಟುಕೊಂಡವರೆಲ್ಲ ಸೀದಾ ಬರುವುದು ಕಾಂತಮ್ಮನ ಮನೆಗೆ.

ಕಾಂತಮ್ಮನಿಗೆ ಐವತ್ತಾರು ವರ್ಷ. ಗಂಡ ಮರುಳಸಿದ್ದಪ್ಪ, ಮೂರು ಎಕರೆ ಕಾಫಿ, ಒಂದು ಹಸು, ಇಷ್ಟೇ ಸಂಸಾರ. ಯಾರಾದರೂ ಅವರನ್ನು ನಾಟಿ ವೈದ್ಯೆ ಅಂದರೆ ಸಿಟ್ಟು ನೆತ್ತಿಗೇರುತ್ತದೆ. "ನಾನೇನ್ ಪಂಡಿತೆ ಅಲ್ಲ ಕಣ್ರಪ್ಪ. ಅಡುಗೆಮನೇಲಿ ಇರದು ಹಚ್ತೀನಿ. ಬೇಕಾದ್ರೆ ಹಚ್ಕಳಿ, ಬ್ಯಾಡಾಂದ್ರೆ ಪೇಟೆಗೆ ಹೋಗಿ ಟ್ಯೂಬ್ ತಗಳಿ" ಅನ್ನುತ್ತಾರೆ. ಆದರೆ ಬಂದವರನ್ನು ಹಾಗೆ ಕಳಿಸಿದ್ದು ಯಾರೂ ನೋಡಿಲ್ಲ.

ಅವರ ಕ್ರಮ ಎಲ್ಲರಿಗೂ ಗೊತ್ತು. ಮೊದಲು ಬೈಗುಳ. ತಲೆಗೆ ಟವೆಲ್ ಕಟ್ಟಿಲ್ಲ, ತುಂಬು ತೋಳಿನ ಅಂಗಿ ಹಾಕಿಲ್ಲ, ಇಷ್ಟು ವಯಸ್ಸಾದರೂ ಬುದ್ಧಿ ಇಲ್ಲ ಅಂತ. ಆಮೇಲೆ ಹಿತ್ತಿಲ ಜಗಲಿಯಲ್ಲಿ ಕೂರಿಸಿ ಬಾವಿ ನೀರಲ್ಲಿ ಅದ್ದಿದ ಹಳೇ ಪಂಚೆಯ ತುಂಡು ಹೊದಿಸುತ್ತಾರೆ. ಅದು ಕಾವು ಹೀರಿಕೊಂಡ ಮೇಲೆ ಹುಳಿ ಮಜ್ಜಿಗೆಯ ಬಟ್ಟೆ. ಮಜ್ಜಿಗೆ ತೊಳೆದ ಮೇಲೆ ಲೋಳೆಸರದ ಎಲೆ ಸೀಳಿ ಅದರ ಲೋಳೆ. ಒಡೆದ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಬೆಳೆಸಿದ ಆ ಗಿಡಕ್ಕೆ ಫೆಬ್ರವರಿ, ಮಾರ್ಚಿನಲ್ಲಿ ಒಂದು ಎಲೆಯೂ ಪೂರ್ತಿ ಇರುವುದಿಲ್ಲ. ಮೂಗಿಗೆ ಸೌತೆಕಾಯಿ ಬಿಲ್ಲೆ. ತುಟಿಗೆ ತುಪ್ಪ. ಒಂದಕ್ಕೂ ಅಂಗಡಿಗೆ ಹೋಗಬೇಕಿಲ್ಲ. ಜನ ಬರುವುದು ಹೆಚ್ಚಾಗಿ ಸಂಜೆ, ಕಾಫಿ ರಾಶಿ ಹಾಕಿ ಟಾರ್ಪಾಲು ಮುಚ್ಚಿದ ಮೇಲೆ.

ಮಜ್ಜಿಗೆಯ ವಿಷಯದಲ್ಲಿ ಮಾತ್ರ ಕಾಂತಮ್ಮ ಬಹಳ ಕಟ್ಟುನಿಟ್ಟು. ಮೂರು ದಿನದ್ದಾಗಿರಬೇಕು. ನಾಲಿಗೆಗೆ ತಾಗಿಸಿದರೆ ಹಲ್ಲು ಜುಂ ಅನ್ನಬೇಕು. ಹುಳಿಯಿಲ್ಲದ ಮಜ್ಜಿಗೆ ಉರಿ ಎಳೆಯಲ್ಲ ಅಂತ ಅವರ ಅತ್ತೆ ಹೇಳಿಕೊಟ್ಟಿದ್ದರು. ಮೂವತ್ತು ವರ್ಷ ಅದನ್ನು ತಪ್ಪಿಸಿದವರಲ್ಲ.

ತಪ್ಪಿದ್ದು ಆ ಗುರುವಾರ.

ಹಸು ಗಬ್ಬವಾಗಿ ಹಾಲು ಬತ್ತಿತ್ತು. ಮನೆಯಲ್ಲಿದ್ದದ್ದು ಬೆಳಿಗ್ಗೆ ತಂದ ಪ್ಯಾಕೆಟ್ ಮೊಸರು, ಅದೂ ಪಾಯಸದಷ್ಟು ಸಿಹಿ. ಮಧ್ಯಾಹ್ನ ಹನ್ನೆರಡೂವರೆಗೆ ಪಕ್ಕದ ಮನೆಯ ಭವ್ಯಶ್ರೀ ಎರಡೂ ಕೈ ಮುಂದೆ ಚಾಚಿಕೊಂಡು ಓಡಿ ಬಂದಳು. ಸೆಕೆಂಡ್ ಪಿಯುಸಿ ಹುಡುಗಿ. ಪರೀಕ್ಷೆಗೆ ಓದಲು ರಜೆ ಕೊಟ್ಟಿದ್ದರು. ಅಪ್ಪ ಚೆಟ್ಟಳ್ಳಿ ಕಡೆ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ವಾರಕ್ಕೊಮ್ಮೆ ಬರುತ್ತಾರೆ. ಅಮ್ಮ ಕಮಲ ತೋಟಕ್ಕೆ ಹೋದರೆ ಕಣ ನೋಡುವುದು ಇವಳ ಪಾಲು. ಒಂದು ಕೈಯಲ್ಲಿ ಕಾಫಿ ತಿರುವುವ ಕೋಲು, ಇನ್ನೊಂದರಲ್ಲಿ ಪುಸ್ತಕ.

"ದೊಡ್ಡಮ್ಮಾ, ಉರಿ ಉರಿ ಉರಿ! ಏನಾದ್ರೂ ಹಚ್ಚಿ, ಬೇಗ!"

"ಅರ್ಧ ತೋಳಿನ ಅಂಗಿ ಹಾಕ್ಕಂಡು ಕಣಕ್ಕೆ ಇಳಿದಿದೀಯಲ್ಲೇ! ನಿಮ್ಮಮ್ಮ ನೋಡ್ಲಿಲ್ವಾ?"

"ನೋಡಿದ್ರೆ ಬಿಡ್ತಿದ್ರಾ?"

ಹುಡುಗಿಯನ್ನು ಕೂರಿಸಿ, ತಣ್ಣೀರು ಬಟ್ಟೆ ಹಾಕಿ, ಕಾಂತಮ್ಮ ಮೊಸರು ಕಡೆದು ನಾಲಿಗೆಗೆ ತಾಗಿಸಿ ನೋಡಿದರು. ಸಪ್ಪೆ. ಹುಡುಗಿ ಉಫ್ ಉಫ್ ಅಂತ ಕೈಗೆ ಊದಿಕೊಳ್ಳುತ್ತಿದ್ದಾಳೆ. ಬೇಲಿಯಂಚಿನ ಹೇರಳೆ ಗಿಡ ಕಣ್ಣಿಗೆ ಬಿತ್ತು. ಚಿತ್ರಾನ್ನಕ್ಕೆ, ಉಪ್ಪಿನಕಾಯಿಗೆ ಹಾಕುವ, ನಿಂಬೆಯ ಅಣ್ಣನಂಥ ದಪ್ಪ ಕಾಯಿ. ಹುಳಿಗೆ ಹುಳಿ ಅಲ್ಲವೇ ಅಂದುಕೊಂಡು ಒಂದನ್ನು ಕಿತ್ತು, ಎರಡು ಹೋಳು ಮಾಡಿ, ಅರ್ಧವನ್ನು ಸಿಪ್ಪೆ ಸಮೇತ ಹಿಂಡಿದರು. ಈಗ ಹಲ್ಲು ಜುಂ ಅಂದಿತು. ಬಟ್ಟೆ ಅದ್ದಿ ಹುಡುಗಿಯ ಎರಡೂ ಮುಂಗೈಗೆ ಸುತ್ತಿದರು. ಬಲಗೈ ನೆಟ್ಟಗೆ ಹಿಡಿಯದೆ ಒದ್ದಾಡುತ್ತಿದ್ದವಳ ತೋಳನ್ನು ಮೊಣಕೈಗಿಂತ ಮೇಲೆ ಗಟ್ಟಿಯಾಗಿ ಹಿಡಿದುಕೊಂಡರು.

"ಕಾಲು ಗಂಟೆ ಅಲ್ಲಾಡಬ್ಯಾಡ. ಆಮೇಲೆ ತೊಳೆದು ಲೋಳೆ ಹಚ್ತೀನಿ."

ಐದು ನಿಮಿಷ ಆಗಿರಲಿಲ್ಲ. ಬೇಲಿಯಾಚೆಯಿಂದ ಕಮಲಳ ಕೂಗು ಬಂತು. "ಭವ್ಯಾ! ಕೋಳಿ ಎಲ್ಲ ಕಣದಾಗೆ ಕೆದಕ್ತಾ ಅವೆ! ಎಲ್ಲಿ ಸತ್ತೆಯೇ?"

ಹುಡುಗಿ ಬಟ್ಟೆ ಕಿತ್ತು ಜಗಲಿಗೆ ಎಸೆದು ಓಡಿದಳು. ಕೈಯಿಂದ ಮಜ್ಜಿಗೆ ತೊಟ್ಟಿಕ್ಕುತ್ತಲೇ ಇತ್ತು. ಕಾಂತಮ್ಮ "ತೊಳ್ಕಂಡು ಹೋಗೇ" ಅಂದದ್ದು ಅವಳಿಗೆ ಕೇಳಿಸಿತೋ ಇಲ್ಲವೋ. ಬಿಸಿಲು ನೆತ್ತಿಯ ಮೇಲೇ ಇತ್ತು.

ಶುಕ್ರವಾರ ಏನೂ ಇಲ್ಲ. ಕೈ ಇನ್ನೂ ಕೆಂಪಗಿದೆ, ಅಷ್ಟೇ ಅಂತ ಕಮಲ ಬೇಲಿಯಲ್ಲಿ ನಿಂತು ಹೇಳಿದಳು. ಕಾಂತಮ್ಮನ ಎಡಗೈಯಲ್ಲೂ ಹೆಬ್ಬೆರಳ ಬುಡದಲ್ಲಿ ಒಂದು ಕಡೆ ಚುರುಗುಟ್ಟುತ್ತಿತ್ತು. ರೊಟ್ಟಿ ಹೆಂಚು ತಗುಲಿರಬೇಕು ಅಂದುಕೊಂಡರು.

ಶನಿವಾರ ಬೆಳಿಗ್ಗೆ ಕಮಲಳೇ ಹಿತ್ತಿಲ ಬಾಗಿಲಿಗೆ ಬಂದಳು. ತಲೆ ಬಾಚಿರಲಿಲ್ಲ. "ಕಾಂತಕ್ಕಾ, ಒಸಿ ಬನ್ನಿ. ಹುಡುಗಿ ಕೈಲಿ ಏನೇನೋ ಎದ್ದೈತೆ. ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ."

ಭವ್ಯಶ್ರೀ ಕಿಟಕಿ ಪಕ್ಕ ಮಂಚದ ಮೇಲೆ ಕೂತಿದ್ದಳು. ಎರಡೂ ಕೈ ದಿಂಬಿನ ಮೇಲೆ. ಎಡಗೈಯಲ್ಲಿ ಅಲ್ಲಲ್ಲಿ ಕೆಂಪು. ಬಲಗೈ ನೋಡಲು ಕಾಂತಮ್ಮ ಮಂಚದ ಹತ್ತಿರಕ್ಕೆ ಬಗ್ಗಿದರು. ಮೊಣಕೈಯಿಂದ ಮಣಿಕಟ್ಟಿನವರೆಗೆ ಅಂಕುಡೊಂಕಾಗಿ ಇಳಿದ ಎರಡು ಕೆಂಪು ಗೆರೆ. ಗೆರೆಯ ಉದ್ದಕ್ಕೂ ನೀರು ತುಂಬಿದ ಬೊಬ್ಬೆ. ಮುಂಗೈ ಪೂರಾ ಊದಿ, ಹೆಬ್ಬೆರಳು ಮಡಚಲು ಬಾರದಂತೆ ಬಿಗಿದುಕೊಂಡಿತ್ತು.

"ಸೋಮವಾರ ಮೊದಲ್ನೇ ಪೇಪರ್ರು ದೊಡ್ಡಮ್ಮ" ಅಂದಳು ಹುಡುಗಿ. "ಪೆನ್ ಹಿಡಿಯಕ್ಕೇ ಆಗ್ತಿಲ್ಲ."

ಒಳಬಾಗಿಲಲ್ಲಿ ಅವಳ ತಾತ ಗಂಗಣ್ಣ ನಿಂತಿದ್ದರು. ಎಪ್ಪತ್ತೆಂಟು ವರ್ಷ. ಅವರ ಮಾತಿನ ಮೇಲೆ ಆ ಮನೆಯಲ್ಲಿ ಮಾತಿಲ್ಲ.

"ನೋಡಕ್ಕೇನೈತೆ ಇದ್ರಾಗೆ? ಸರ್ಪಸುತ್ತು. ಹಾವು ಹರ್ದಂಗೆ ಹರ್ದಿಲ್ವಾ? ಸುತ್ತು ಬರೆಯೋ ಬೋಜಪ್ಪಂಗೆ ಹೇಳ್ಕಳ್ಸಿದೀನಿ. ಹನ್ನೊಂದು ಗಂಟೆಗೆ ಆಟೋ ಬತ್ತದೆ, ಕರ್ಕಂಡ್ ಹೋಗದು. ಕೆಮ್ಮಣ್ಣು ಬರ್ಸಿದ್ರೆ ಇಳೀತದೆ."

"ಬರ್ಸಿದ್ ಮ್ಯಾಲೆ ಮೂರು ದಿನ ಹೊಸಲು ದಾಟಂಗಿಲ್ಲ ಅಂತಾರಲ್ಲ ಮಾವ. ಸೋಮವಾರ ಪರೀಕ್ಷೆ…" ಕಮಲಳ ದನಿ ಸಣ್ಣಗಾಯಿತು.

"ಸುತ್ತು ತಲೆ ಬಾಲ ಸೇರಿದ್ರೆ ಜೀವಕ್ಕೇ ಬತ್ತದೆ. ನಿಂಗೆ ಪರೀಕ್ಷೆ ದೊಡ್ಡದಾ, ಮಗಳು ದೊಡ್ಡೋಳಾ?"

ಕಮಲ ಸೆರಗಲ್ಲಿ ಮೂಗು ಒರೆಸಿಕೊಂಡಳು. ಹುಡುಗಿ ಗೋಡೆ ಕಡೆ ತಿರುಗಿದಳು. ತಿರುಗುವಾಗ ಅಂಗಿಯ ತೋಳು ಮೇಲೆ ಸರಿಯಿತು. ಮೊಣಕೈಗಿಂತ ಮೇಲೆ, ಬಿಸಿಲೇ ಹೆಚ್ಚು ತಾಗದ ಜಾಗದಲ್ಲಿ, ಕಂದುಗೆಂಪಿನ ನಾಲ್ಕು ಗುರುತು. ಒಂದರ ಪಕ್ಕ ಒಂದು. ಕಿರುಬೆರಳಿನದು ಗಿಡ್ಡ, ನಡುಬೆರಳಿನದು ಉದ್ದ.

ಕಾಂತಮ್ಮ ತಮ್ಮ ಕೈ ನೋಡಿಕೊಂಡರು. ಹೆಬ್ಬೆರಳ ಬುಡದಲ್ಲಿ ಹೆಂಚು ತಗುಲಿದ್ದು ಅಂದುಕೊಂಡಿದ್ದ ಜಾಗದಲ್ಲಿ ಎರಡು ಪುಟ್ಟ ಬೊಬ್ಬೆ ಎದ್ದಿದ್ದವು. ಹೇರಳೆ ಹೋಳು ಹಿಂಡಿದಾಗ ರಸ ಹರಿದದ್ದು ಅಲ್ಲೇ. ಹುಡುಗಿ ಓಡಿಹೋದ ಮೇಲೆ ಅದೇ ಕೈಯಲ್ಲಿ ಅಂಗಳಕ್ಕಿಳಿದು ಮೆಣಸಿನಕಾಯಿ ಹರಡಿದ್ದರು. ಎಷ್ಟು ಹೊತ್ತು, ಅರ್ಧ ಗಂಟೆ? ಹುಡುಗಿ ಸಂಜೆವರೆಗೂ ಬಿಸಿಲಲ್ಲಿ ನಿಂತಿದ್ದಳು.

ಹಾವಲ್ಲ. ಬಟ್ಟೆಯಿಂದ ಮಜ್ಜಿಗೆ ಇಳಿದ ದಾರಿ. ಮೇಲಿನದು ತನ್ನದೇ ಬೆರಳು.

"ಬತ್ತೀನಿ" ಅಂದು ಹೊರಟುಬಿಟ್ಟರು. ಬೇಲಿಯ ತಡಿಕೆ ಸರಿಸಿ ಸೀದಾ ಮನೆಗೆ ಬಂದರು.

ಮರುಳಸಿದ್ದಪ್ಪ ಜಗಲಿಯಲ್ಲಿ ಎಲೆಗೆ ಸುಣ್ಣ ಸವರುತ್ತಿದ್ದರು. ಹೆಂಡತಿ ಹೇಳಿದ್ದನ್ನೆಲ್ಲ ಕೇಳಿ ಮೊದಲು ನಕ್ಕರು. "ಹೇರಳೆಕಾಯಿ ಸುಡ್ತದಾ? ಮೊನ್ನೆ ಚಿತ್ರಾನ್ನ ತಿಂದ್ನಲ್ಲ, ನನ್ ಹೊಟ್ಟೆ ಇಷ್ಟೊತ್ತಿಗೆ ತೂತಾಗಿರ್ಬೇಕಿತ್ತು."

"ತಮಾಷೆ ಬ್ಯಾಡಿ ರೀ. ಇಲ್ನೋಡಿ." ಕೈ ಮುಂದೆ ಹಿಡಿದರು.

ಸಿದ್ದಪ್ಪ ಎಲೆ ಕೆಳಗಿಟ್ಟು ಆ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದರು. ನಗು ಇಳಿಯಿತು. ದನಿ ತಗ್ಗಿಸಿ, "ನೋಡೇ, ಅವ್ರೇ ಸರ್ಪಸುತ್ತು ಅಂತವ್ರೆ. ನೀನ್ಯಾಕೆ ಹೋಗಿ ಮೈಮ್ಯಾಲೆ ಹಾಕ್ಕತೀಯ? ಬೊಬ್ಬೆ ಅಲ್ವಾ, ತಾನೇ ಒಣಗ್ತದೆ" ಅಂದರು.

"ಬರ್ಸಿದ್ರೆ ಪರೀಕ್ಷೆಗೆ ಕಳ್ಸಲ್ಲ ಅವ್ರು."

"ಮುಂದಿನ್ ಸಲ ಬರೀತಾಳೆ ಬಿಡು. ನಾಳೆ ಊರೆಲ್ಲ ನಿನ್ ಹೆಸರು ಹಿಡ್ದು, ಕಾಂತಮ್ಮ ಆ ಮಗೀನ ಕೈ ಸುಟ್ಳು ಅಂದ್ರೆ, ಅದು ಸರೀನಾ?"

ಅದು ಸರಿಯೋ ಅಲ್ಲವೋ, ನಿಜ ಅಂತೂ ಹೌದು. ಕಾಂತಮ್ಮ ಅಡುಗೆಮನೆಗೆ ಹೋಗಿ ಗೋಡೆಗೆ ಒರಗಿ ನಿಂತರು. ಹತ್ತೂವರೆ ಆದರೂ ಅಲ್ಲೇ ಇದ್ದರು. ಈ ವಾರದಲ್ಲಿ ಮಜ್ಜಿಗೆಗೆ ಯಾರ್ಯಾರು ಬಂದಿದ್ದರು ಅಂತ ಲೆಕ್ಕ ಹಾಕಿದರು. ಬುಧವಾರದವರೆಗೆ ಹಳೇ ಮಜ್ಜಿಗೆಯೇ ಇತ್ತು. ಹೇರಳೆ ಹಾಕಿದ್ದು ಒಬ್ಬಳಿಗೇ. ಅಷ್ಟಾದರೂ ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಬೋಜಪ್ಪನ ಕೆಮ್ಮಣ್ಣು ಆ ನೀರು ತುಂಬಿದ ಬೊಬ್ಬೆಗಳ ಮೇಲೆ ಬೀಳುವುದು ಕಣ್ಣೆದುರು ಬಂತು. ಕೀವಾದರೆ? ಬೆರಳು ಹಾಗೆಯೇ ಸೆಟೆದು ನಿಂತರೆ? ಎಸ್ಸೆಸ್ಸೆಲ್ಸಿಯಲ್ಲಿ ಊರಿಗೇ ಹೆಚ್ಚು ಅಂಕ ತಗೊಂಡ ಹುಡುಗಿ. ಫಲಿತಾಂಶದ ದಿನ ಮೊದಲು ಪೇಡ ತಂದುಕೊಟ್ಟದ್ದು ಇದೇ ಮನೆಗೆ.

ಹೇಳಿದರೆ ಕಮಲ ಏನನ್ನುತ್ತಾಳೆ? ಬೇಲಿಯ ಆ ತಡಿಕೆಯನ್ನು ಮುಳ್ಳು ಹಾಕಿ ಮುಚ್ಚಬಹುದು. ಇಪ್ಪತ್ತು ವರ್ಷದಿಂದ ಸಾರು ಪಲ್ಯದ ಬಟ್ಟಲು ಓಡಾಡಿದ ದಾರಿ ಅದು.

ರಸ್ತೆಯ ತಿರುವಿನಲ್ಲಿ ಆಟೋದ ಹಾರನ್ ಕೇಳಿಸಿತು. ಹನ್ನೊಂದಾಗಲು ಇನ್ನೂ ಹತ್ತು ನಿಮಿಷ ಇತ್ತು. ಹಾಳಾದವನು ಇವತ್ತೇ ಬೇಗ ಬರಬೇಕಿತ್ತೇ!

ಕಾಂತಮ್ಮ ಚಪ್ಪಲಿ ಹಾಕಲಿಲ್ಲ. ಗಂಡ ಕರೆದದ್ದಕ್ಕೆ ತಿರುಗಲಿಲ್ಲ. ಬೇಲಿ ದಾಟಿ, ಕಾದ ಕಣದ ಮೇಲೆ ಬರಿಗಾಲಲ್ಲಿ ಓಡಿ, ಕಾಫಿ ಚೆಲ್ಲಾಡುತ್ತಾ ಹೋಗಿ ಆಟೋ ಮುಂದೆ ನಿಂತರು. ಕಮಲ ಮಗಳನ್ನು ಹತ್ತಿಸುತ್ತಿದ್ದಳು. ಗಂಗಣ್ಣ ಮುಂದೆ ಡ್ರೈವರ್ ಪಕ್ಕ ಕೂತಿದ್ದರು.

"ಕಮಲಾ, ಇದು ಸರ್ಪಸುತ್ತಲ್ಲ ಕಣೇ. ನಾನ್ ಮಾಡಿದ್ದು."

"ಏನಂದ್ರಿ?"

"ಮಜ್ಜಿಗೆ ಹುಳಿ ಇರ್ಲಿಲ್ಲ. ಹೇರಳೆಕಾಯಿ ಹಿಂಡ್ದೆ. ಅದು ಬಿಸಿಲಿಗೆ ಸುಟ್ಟೈತೆ. ನೋಡು, ನನ್ ಕೈಯಾಗೂ ಎದ್ದೈತೆ. ಅವಳ ತೋಳು ನೋಡು, ನಾಲ್ಕು ಬೆರಳು ಐತೆ, ನಂದೇ." ಹೇಳುತ್ತಾ ಹುಡುಗಿಯ ತೋಳಿನ ಗುರುತಿನ ಮೇಲೆ, ಮುಟ್ಟದೆ, ತಮ್ಮ ಬೆರಳು ಹಿಡಿದು ತೋರಿಸಿದರು. ಅಳತೆ ತೆಗೆದಂತೆ ಕೂತಿತು.

ಕಮಲ ಆ ಕೈಯನ್ನು ನೋಡಿದಳು, ಮಗಳ ತೋಳು ನೋಡಿದಳು. ಮುಖ ಕೆಂಪಾಯಿತು.

"ಮೂರು ದಿನದಿಂದ ಗೊತ್ತಿತ್ತಾ ನಿಮ್ಗೆ?"

"ಇಲ್ಲ ಕಣೇ, ಬೆಳಿಗ್ಗೆ ನೋಡಿದ್ಮೇಲೆ…"

"ಬೆಳಿಗ್ಗೆ ನೋಡಿ ಸುಮ್ನೆ ಎದ್ದು ಹೋದ್ರಲ್ಲ ಕಾಂತಕ್ಕ! ಎರಡ್ ಗಂಟೆ ಆಯ್ತು!"

ಕಾಂತಮ್ಮ ತಲೆ ತಗ್ಗಿಸಿ ನಿಂತರು. ಗಂಗಣ್ಣ ಮಾತ್ರ ಒಪ್ಪಲಿಲ್ಲ. "ಹೇರಳೆ ಹುಳಿ ಹಾಕ್ಕಂಡ್ ಎಷ್ಟ್ ಜನ ಉಂಡಿಲ್ಲ! ಹತ್ತು, ಹತ್ತು, ಹೊತ್ತಾಯ್ತದೆ" ಅಂತ ಕೂಗಾಡಿದರು. ಆಗ ಭವ್ಯಶ್ರೀ, "ತಾತ, ನಂಗೆ ಆಸ್ಪತ್ರೆಗೆ ಹೋಗ್ಬೇಕು. ಬೋಜಪ್ಪ ತಾತನ ಹತ್ರ ಬರಲ್ಲ. ಎಳ್ಕೊಂಡ್ ಹೋದ್ರೂ ಇಳಿಯಲ್ಲ" ಅಂದಳು. ಮೊಮ್ಮಗಳು ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. ಗಂಗಣ್ಣ ಆಟೋ ಇಳಿದು, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಒಳಗೆ ಹೋದರು. ಖಾಲಿಯಾದ ಜಾಗದಲ್ಲಿ ಕಾಂತಮ್ಮ ಕೇಳದೇ ಹತ್ತಿ ಕೂತರು. ಕಮಲ ಬೇಡ ಅನ್ನಲಿಲ್ಲ. ಬನ್ನಿ ಅಂತಲೂ ಅನ್ನಲಿಲ್ಲ.

ಸರ್ಕಾರಿ ಆಸ್ಪತ್ರೆಯ ಲೇಡಿ ಡಾಕ್ಟರ್ ಇನ್ನೂ ಚಿಕ್ಕ ವಯಸ್ಸಿನವರು. ಬೊಬ್ಬೆ ನೋಡಿದರು, ಬೆರಳ ಗುರುತು ನೋಡಿದರು. "ಏನಾದ್ರೂ ಹಚ್ಚಿದ್ರಾ?" ಅಂದರು. ಕಮಲ ಬಾಯಿ ತೆರೆಯುವ ಮೊದಲೇ ಕಾಂತಮ್ಮ ಎದ್ದು ನಿಂತು ಮೊಸರಿನಿಂದ ಹಿಡಿದು ಸಿಪ್ಪೆಯವರೆಗೆ ಎಲ್ಲ ಹೇಳಿದರು.

"ಹೇಳಿದ್ದು ಒಳ್ಳೇದಾಯ್ತು. ಇಲ್ಲಾಂದ್ರೆ ನಾನೂ ಬೇರೆ ಏನೋ ಅಂದ್ಕೊಳ್ತಿದ್ದೆ" ಅಂದರು ಡಾಕ್ಟರ್. "ನಿಂಬೆ, ಹೇರಳೆ ಇಂಥವುಗಳ ರಸ ಮೈಮೇಲಿದ್ದು ಬಿಸಿಲು ಬಿದ್ರೆ ಹೀಗೆ ಸುಡುತ್ತೆ. ಅದೂ ಆವತ್ತೇ ಗೊತ್ತಾಗಲ್ಲ, ಒಂದೆರಡು ದಿನ ಬಿಟ್ಟು ಏಳುತ್ತೆ. ಬಿಸಿಲಲ್ಲಿ ಬೆಂದ ಕೈಗೆ ತಣ್ಣೀರು ಬಟ್ಟೆ ಹಾಕಿದ್ರಲ್ಲ, ಅದು ಸರಿ. ಆಮೇಲೆ ಬರೀ ಲೋಳೆಸರ ಹಚ್ಚಿ ನೆರಳಲ್ಲಿ ಕೂರಿಸಿದ್ರೆ ಸಾಕಾಗಿತ್ತು."

"ಹುಳಿ ಇಲ್ದಿದ್ರೆ ಉರಿ ಎಳೆಯಲ್ಲ ಅಂತ ನಮ್ಮತ್ತೆ…"

"ಹುಳಿ ಏನೂ ಎಳೆಯಲ್ಲಮ್ಮ. ತಣ್ಣಗಿರೋದು ಎಳೆಯುತ್ತೆ."

ಮೂವತ್ತು ವರ್ಷ ನಾಲಿಗೆಗೆ ತಾಗಿಸಿ ತಾಗಿಸಿ ನೋಡಿದ್ದು. ಕಾಂತಮ್ಮನಿಗೆ ನಾಚಿಕೆಗಿಂತ ಹೆಚ್ಚಾಗಿ ಸುಸ್ತಾಯಿತು. ಆದರೂ ಕೇಳಬೇಕಾದ್ದನ್ನು ಕೇಳಿದರು. "ಸೋಮವಾರ ಪರೀಕ್ಷೆ ಐತೆ ಮೇಡಂ. ಬರೀಬೌದಾ?"

ಡಾಕ್ಟರ್ ಹುಡುಗಿಯ ಹೆಬ್ಬೆರಳನ್ನು ಮೆಲ್ಲಗೆ ಮಡಚಿಸಿದರು. ಹುಡುಗಿ ಹಲ್ಲು ಕಚ್ಚಿದಳು. "ಬೊಬ್ಬೆ ಒಡೀಬೇಡಿ. ಮುಲಾಮು, ಪಟ್ಟಿ, ದಿನಾ ಎರಡು ಸಲ ಬದಲಾಯಿಸಿ. ಬಿಸಿಲು ಸೋಕಲೇಬಾರದು. ಮಾತ್ರೆ ಕೊಡ್ತೀನಿ, ಊತ ನಾಳೆ ಸಂಜೆಗೆ ಇಳೀಬಹುದು. ಇಳಿದ್ರೆ ಬರೀತಾಳೆ. ಕಲೆ ಮಾತ್ರ ಕೆಲವು ತಿಂಗಳು ಉಳಿಯುತ್ತೆ."

ಇಳಿದರೆ. ಆ ಮಾತನ್ನು ಕಾಂತಮ್ಮ ಭಾನುವಾರ ಇಡೀ ದಿನ ಬಾಯೊಳಗೇ ಇಟ್ಟುಕೊಂಡು ಓಡಾಡಿದರು. ಬೇಲಿ ಹತ್ತಿರ ಹೋಗುವುದು, ಬರುವುದು. ಒಳಗೆ ಕಾಲಿಡಲು ಧೈರ್ಯವಿಲ್ಲ. ಮಧ್ಯಾಹ್ನ ಭವ್ಯಶ್ರೀ ಬದಲು ಕಣದಲ್ಲಿ ಕೋಲು ಹಿಡಿದು ನಿಂತದ್ದು ಮರುಳಸಿದ್ದಪ್ಪ, ತಲೆಗೆ ಟವೆಲ್ ಸುತ್ತಿಕೊಂಡು. ಯಾರೂ ಅವರನ್ನು ಕರೆದಿರಲಿಲ್ಲ. ಗಂಗಣ್ಣ ಜಗಲಿಯಲ್ಲಿ ಕೂತು, "ಹಂಗಲ್ಲ ಕಣೋ ತಿರುವದು, ಅಂಚಿಂದ ಬಾ" ಅಂತ ಗದರಿದರು. ಅಷ್ಟರಮಟ್ಟಿಗೆ ಮಾತು ಉಳಿದಿತ್ತು.

ಸಂಜೆ ಬೇಲಿಯಾಚೆ ಕಮಲ ಬಟ್ಟೆ ತೆಗೆಯುತ್ತಿದ್ದಳು. ಕಾಂತಮ್ಮ ಬೇಲಿಗೆ ಬಂದು, "ಊತ?" ಅಂದರು.

"ಒಸಿ ಇಳಿದೈತೆ." ತಿರುಗಿ ನೋಡದೆ ಹೇಳಿ ಒಳಗೆ ಹೋದಳು.

ಸೋಮವಾರ ಹತ್ತು ಗಂಟೆಗೆ ಪರೀಕ್ಷೆ ಶುರು. ಕಮಲ ಮಗಳ ಜೊತೆ ಕಾಲೇಜಿಗೆ ಹೋಗಿದ್ದಳು. ಕಾಂತಮ್ಮ ಒಲೆ ಹಚ್ಚಿದರು, ಆರಿಸಿದರು. ಅಕ್ಕಿ ತೊಳೆದದ್ದು ಎರಡು ಸಲವೋ ಮೂರು ಸಲವೋ. ಹನ್ನೊಂದೂವರೆಗೆ ಇಬ್ಬರು ಹೆಂಗಸರು ಸುಟ್ಟ ಮೂಗು ಹೊತ್ತು ಜಗಲಿಗೆ ಬಂದರು. ಕಾಂತಮ್ಮ ಬೈಯಲೂ ಇಲ್ಲ. ಬಾವಿ ನೀರಿನ ಬಕೆಟ್ಟು, ಬಟ್ಟೆ ಮುಂದಿಟ್ಟು, "ಬಿಸಿಲು ಇಳಿಯವರ್ಗೂ ಇಲ್ಲೇ ಕೂತಿರಿ" ಅಂದರು. ಮಜ್ಜಿಗೆ ಎಲ್ಲಿ ಅಂತ ಒಬ್ಬಳು ಕೇಳಿದಳು. "ಇವತ್ತಿಲ್ಲ." ಬಂದವರು ಮುಖ ಮುಖ ನೋಡಿಕೊಂಡರು. ಊರಿಗೆ ವಿಷಯ ಗೊತ್ತಾಗಿದೆ ಅಂತ ಆ ನೋಟದಲ್ಲೇ ಕಾಂತಮ್ಮನಿಗೆ ತಿಳಿಯಿತು.

ಒಂದೂಮುಕ್ಕಾಲಿಗೆ ಫೋನು ಬಂತು. ಕಮಲ. ಹಿಂದೆ ಹುಡುಗಿಯರ ಗಲಾಟೆ, ಬಸ್ಸಿನ ಸದ್ದು.

"ಬರೆದಳಾ?" ಹಲೋ ಅನ್ನುವಷ್ಟೂ ತಾಳ್ಮೆ ಇರಲಿಲ್ಲ.

"ಬರ್ದವ್ಳೆ. ಕೊನೇದೊಂದು ಪ್ರಬಂಧ ಅರ್ಧಕ್ಕೆ ಬಿಟ್ಟವ್ಳೆ, ಬೆವರು ಇಳ್ದು ಉರಿ ಬಂತಂತೆ. ಉಳಿದದ್ದೆಲ್ಲ ಬರ್ದೀನಿ ಅಂತಾಳೆ." ಬಸ್ಸಿನ ಸದ್ದು ದಾಟಿಹೋದ ಮೇಲೆ ಮತ್ತೆ ಅಂದಳು. "ಕಾಂತಕ್ಕ, ಸಿಟ್ಟು ಇನ್ನೂ ಹೋಗಿಲ್ಲ ನಂಗೆ. ಹೇಳ್ಬಿಡ್ತೀನಿ."

"ಇರ್ಲಿ ಕಣೇ. ಇರ್ಬೇಕು."

"ಸಾಯಂಕಾಲ ಬನ್ನಿ. ಪಟ್ಟಿ ಬದ್ಲಾಯಿಸ್ಬೇಕು. ನಾನ್ ಎಳೆದ್ರೆ ನೋವಾಗ್ತದಂತೆ, ದೊಡ್ಡಮ್ಮನೇ ಬರ್ಲಿ ಅಂತ ಹಟ."

ಸಂಜೆ ಕಾಂತಮ್ಮ ಸೋಪು ಹಚ್ಚಿ ಮೂರು ಸಲ ಕೈ ತೊಳೆದರು. ಉಗುರ ಸಂದಿಯನ್ನೂ ತೊಳೆದರು. ಆದರೂ ಮೂಸಿ ನೋಡಿಕೊಂಡರು. ಭವ್ಯಶ್ರೀ ನಾಳಿದ್ದಿನ ಪರೀಕ್ಷೆಯ ಪುಸ್ತಕ ಮಂಡಿ ಮೇಲಿಟ್ಟುಕೊಂಡು ಬಲಗೈ ಚಾಚಿದಳು. ಪಕ್ಕದಲ್ಲಿ ನಿಂತ ಕಮಲಳ ಕಣ್ಣು ಕಾಂತಮ್ಮನ ಬೆರಳುಗಳ ಮೇಲೇ ಇತ್ತು.

ಪಟ್ಟಿಯ ತುದಿಯನ್ನು ಎರಡೇ ಬೆರಳಲ್ಲಿ ಹಿಡಿದು ಕಾಂತಮ್ಮ ಬಿಡಿಸತೊಡಗಿದರು. ಇಷ್ಟು ವರ್ಷ ಊರಿನವರ ಮೈ ಮುಟ್ಟಿದ ಕೈ, ಇಷ್ಟು ನಿಧಾನ ಮಾಡಿದ್ದಿಲ್ಲ.

"ನೋವಾದ್ರೆ ಹೇಳು ಮಗಾ, ನಿಲ್ಲಿಸ್ತೀನಿ."

"ಆಗ್ತಾ ಐತೆ ದೊಡ್ಡಮ್ಮ. ನೀವ್ ತೆಗೀರಿ, ನಾನ್ ಓದ್ಕತೀನಿ" ಅಂದು ಹುಡುಗಿ ಪುಟ ತಿರುಗಿಸಿದಳು. ಎಡಗೈಯಲ್ಲಿ.